ರಟ್ಟು ಹರಿದ ಹೊತ್ತಗೆಗಳ ಶೋಧ

ಆಗುಂಬೆಯಲ್ಲಿ ಕಾಗದಕ್ಕೆ ಆಯುಸ್ಸು ಕಡಮೆ. ವರುಷಕ್ಕೆ ಸರಾಸರಿ ೭,೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯತಕ್ಕ ಈ ಘಟ್ಟದ ನೆತ್ತಿಯಲ್ಲಿ, ಜ್ಯೇಷ್ಠದಲ್ಲಿ ಹಿಡಿದ ಜಡಿ ಭಾದ್ರಪದ ಕಳೆಯುವವರೆಗೂ ಬಿಡುವ ಲಕ್ಷಣವನ್ನು ತೋರದಿರುವಾಗ, ಗೋಡೆಗಳು ಬೆವರುತ್ತವೆ, ಒಗೆದ ಬಟ್ಟೆ ಒಲೆಯ ಮೇಲಣ ಹೊಗೆಯಲ್ಲಿ ಒಣಗುತ್ತದೆ, ಪುಸ್ತಕಗಳು ತೇವವನ್ನು ಹೀರಿ ಉಬ್ಬಿ, ಬೂಸಲು ಹಿಡಿದು, ಬರುವ ಬೇಸಗೆಯ ಹೊತ್ತಿಗೆ ಗೆದ್ದಲಿಗೆ ಮೆತ್ತನೆಯ ಗ್ರಾಸವಾಗುತ್ತವೆ. ಇಂಥ ಊರಿನಲ್ಲಿ ಗ್ರಂಥರಕ್ಷಣೆಯೆಂಬುದು ಪಕ್ಷಪಾತವಿಲ್ಲದೆ ನಡೆಯುವ ಕಾರ್ಯವಲ್ಲ. ಕುಮಾರವ್ಯಾಸನ ಭಾರತಕ್ಕೂ ಜೈಮಿನಿಗೂ ದೇವರ ಕೋಣೆಯ ಪೆಟ್ಟಿಗೆಯಲ್ಲಿ ಸ್ಥಾನವಿತ್ತು; ಅಡಕೆಯ ಲೆಕ್ಕದ ಕಡತಕ್ಕೂ ಜಮೀನಿನ ಪತ್ರಗಳಿಗೂ ಅಟ್ಟದ ಮೇಲೆ, ಹೊಗೆ ತಾಗುವ ಕಡೆ, ಭದ್ರವಾದ ತಾವಿತ್ತು; ಮಕ್ಕಳ ಕಥೆಯ ಪುಸ್ತಕಕ್ಕೆ ಮಾತ್ರ ಜಗಲಿಯ ಮೂಲೆಯೇ ಗತಿ. ಅಣ್ಣ ಓದಿ ತಮ್ಮನಿಗೆ ಕೊಟ್ಟು, ತಮ್ಮ ಓದಿ ಪಕ್ಕದ ಮನೆಗೆ ದಾಟಿಸಿ, ಮೊದಲು ರಟ್ಟು, ಅನಂತರ ಮೊದಲ ಹಾಳೆ, ಅನಂತರ ಕಡೆಯ ಹಾಳೆ ಎಂಬ ಕ್ರಮದಲ್ಲಿ ಅದು ಕ್ಷಯಿಸಿ, ಮಿಕ್ಕ ಪುಟಗಳು ಆಷಾಢದ ಅಂಗಳದ ನೀರಿನಲ್ಲಿ ದೋಣಿಗಳಾಗಿ ತೇಲಿಹೋದ ಮೇಲೆ, ಉಳಿದದ್ದು ಓದಿದವರ ತಲೆಯೊಳಗಿನ ಕಥೆ ಮಾತ್ರ. ಪುಸ್ತಕದ ಹೆಸರು ಅಚ್ಚಾಗಿದ್ದದ್ದು ಎಲ್ಲಕ್ಕಿಂತ ಮೊದಲು ಹರಿದುಹೋದ ಹಾಳೆಗಳಲ್ಲಿಯೇ ಅಲ್ಲವೆ?

ಆದುದರಿಂದಲೇ ತೀರ್ಥಹಳ್ಳಿ, ಹೊಸನಗರ, ಸಾಗರಗಳ ಸೀಮೆಯಲ್ಲಿ ನಡುವಯಸ್ಸು ದಾಟಿದವರನ್ನು ಮಾತಿಗೆಳೆದರೆ, ಅವರಲ್ಲಿ ಅನೇಕರು ಹೆಸರಿಲ್ಲದ ಒಂದು ಪುಸ್ತಕವನ್ನು ಹೊತ್ತುಕೊಂಡು ತಿರುಗುತ್ತಿರುವುದು ಗೊತ್ತಾಗುತ್ತದೆ. “ಒಂದು ಪುಸ್ತಕ ಇತ್ತು ಮಾರಾಯ್ರೆ, ರಟ್ಟು ಇರ್ಲಿಲ್ಲ. ಅದ್ರಲ್ಲಿ ಒಬ್ಬ ರಾಜಕುಮಾರ ಮೊಸಳೆ ಬೆನ್ನ ಮೇಲೆ ಕೂತು ಹೊಳೆ ದಾಟ್ತಾನೆ. ಯಾವ್ದು ಹೇಳಿ ನೋಡುವ?” ಎಂದು ಅವರು ಕೇಳುವ ರೀತಿಯಲ್ಲಿ, ಉತ್ತರ ದೊರೆಯುವುದೆಂಬ ಆಶೆಗಿಂತಲೂ ಕೇಳುವುದರಲ್ಲಿಯೇ ಇರುವ ಸುಖ ಎದ್ದು ಕಾಣುತ್ತದೆ. ಹಳೆಯ ಪುಸ್ತಕಗಳ ಹುಚ್ಚುಳ್ಳವನೆಂಬ ಖ್ಯಾತಿಯೋ ಅಪಖ್ಯಾತಿಯೋ ಒಮ್ಮೆ ಅಂಟಿಕೊಂಡಿತೆಂದರೆ, ಮದುವೆಯ ಊಟದ ಪಂಕ್ತಿಯಲ್ಲಿಯೂ, ಶಿವಮೊಗ್ಗದ ಬಸ್ಸಿನಲ್ಲಿಯೂ ಇಂಥ ಪ್ರಶ್ನೆಗಳು ಬೆನ್ನುಹತ್ತುತ್ತವೆ. ನನ್ನ ಪಾಡೂ ಅದೇ.

ಗ್ರಂಥಾಲಯಕ್ಕೆ ಹೋದರೆ ಆಯಿತಲ್ಲ ಎಂದು ಬಲ್ಲವರು ಹೇಳಬಹುದು. ೧೯೫೪ರ ಒಂದು ಕೇಂದ್ರ ಶಾಸನದ ಪ್ರಕಾರ, ಭಾರತದಲ್ಲಿ ಅಚ್ಚಾದ ಪ್ರತಿಯೊಂದು ಗ್ರಂಥದ ಪ್ರತಿಯನ್ನೂ ಪ್ರಕಾಶಕರು ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಪ್ಪಿಸತಕ್ಕದ್ದು. ಮದರಾಸಿನ ಕನ್ನಿಮೆರಾ ಗ್ರಂಥಾಲಯಕ್ಕೂ ಹಾಗೆಯೇ. ಆದುದರಿಂದ ಆಗುಂಬೆಯ ಜಗಲಿಯಲ್ಲಿ ಕೊಳೆತುಹೋದ ಒಂದು ಕಥೆಯ ಪುಸ್ತಕ, ಪ್ರಕಾಶಕನು ಶಾಸನಭೀರುವಾಗಿದ್ದ ಪಕ್ಷದಲ್ಲಿ, ಕಲ್ಕತ್ತೆಯ ಅಲಿಪುರದಲ್ಲಿ ಯಾರೂ ಮುಟ್ಟದೆ ಸುಖವಾಗಿ ಮಲಗಿರುವುದು ಅಸಂಭವವಲ್ಲ. ಅದನ್ನು ಎಬ್ಬಿಸಬೇಕಾದರೆ ಅದರ ಹೆಸರನ್ನು ಹಿಡಿದು ಕೂಗಬೇಕು. ನಮ್ಮಲ್ಲಿ ಇಲ್ಲದಿರುವುದು ಅದೊಂದೇ. ಬೆಂಗಳೂರಿನಲ್ಲಿ ೧೯೬೨ರಲ್ಲಿ ಗ್ರಂಥಾಲಯಶಾಸ್ತ್ರದ ಸಂಶೋಧನ ಕೇಂದ್ರವನ್ನು ಕಟ್ಟಿದ ಎಸ್. ಆರ್. ರಂಗನಾಥನ್ ಅವರು, ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕವು ದೊರೆಯಬೇಕೆಂಬುದನ್ನು ತಮ್ಮ ಶಾಸ್ತ್ರದ ಸೂತ್ರಗಳಲ್ಲಿ ಒಂದನ್ನಾಗಿ ೧೯೩೧ರಲ್ಲಿಯೇ ಹೇಳಿದ್ದರು. ಆದರೆ ಸೂಚೀಪತ್ರದ ಪೆಟ್ಟಿಗೆಗೆ ಇರುವ ಬಾಗಿಲುಗಳು ಗ್ರಂಥಕರ್ತ, ಗ್ರಂಥನಾಮ, ವಿಷಯ ಎಂಬವು. ಮೊಸಳೆಯ ಮೇಲೆ ಕುಳಿತ ರಾಜಕುಮಾರನನ್ನು ಹಿಡಿದು ಒಳಹೋಗುವ ಬಾಗಿಲನ್ನು ಯಾವ ಬಡಗಿಯೂ ಅದಕ್ಕೆ ಇಟ್ಟಿಲ್ಲ. ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಲೋಗನ್‌ಬೆರಿ ಎಂಬ ಪುಸ್ತಕದಂಗಡಿಯವರು, ಬಾಲ್ಯದಲ್ಲಿ ಓದಿ ಹೆಸರು ಮರೆತ ಪುಸ್ತಕದ ವರ್ಣನೆಯನ್ನು ಗಿರಾಕಿಗಳಿಂದ ಅಲ್ಪ ಶುಲ್ಕದೊಡನೆ ಪಡೆದು, ಅದನ್ನು ಪತ್ತೆಮಾಡಿಕೊಡುವ ಉದ್ಯೋಗವನ್ನೇ ನಡೆಸಿಕೊಂಡು ಬಂದಿದ್ದಾರೆ. ನಮ್ಮಲ್ಲಿ ಆ ಕೆಲಸ ಪಂಕ್ತಿಭೋಜನದ ಹರಟೆಗೆ ಸೇರಿದ್ದು.

ಈ ಹರಟೆಯಲ್ಲಿ ಬಹುಕಾಲ ಕಳೆದ ಮೇಲೆ ನನಗೆ ನಿಶ್ಚಯವಾದ ಒಂದು ಸಂಗತಿಯುಂಟು. ಅರ್ಧ ಮರೆತ ಪುಸ್ತಕದ ವರ್ಣನೆಯನ್ನು ಕೇಳುವಾಗ, ಹೇಳುವವರು ಯಾವುದನ್ನು ಬಹು ದೃಢವಾಗಿ, ಕಣ್ಣಿಗೆ ಕಟ್ಟುವಂತೆ ಹೇಳುತ್ತಾರೆಯೋ ಅದು ಬಹುಶಃ ಪುಸ್ತಕದ್ದಲ್ಲ, ಅವರ ಊರಿನದು. ಹೆಂಚಿನ ಮನೆ, ತೊಟ್ಟಿ, ಅಡಕೆಯ ತೋಟ, ಎಡೆಬಿಡದ ಮಳೆ, ಹೊಳೆಯ ಮೇಲಣ ಸಾರ, ಇವೆಲ್ಲ ಓದಿದ ಮಗು ತನ್ನ ಮನೆಯಿಂದ ಕಥೆಯೊಳಕ್ಕೆ ಸಾಗಿಸಿದ ಸಾಮಗ್ರಿ. ಇದಕ್ಕೆ ಪ್ರತಿಯಾಗಿ, ಆಗುಂಬೆಯ ಮಗುವಿಗೆ ಬೇರಾವ ಮೂಲದಿಂದಲೂ ದೊರೆಯಲಾರದ ವಸ್ತುವೊಂದು ವರ್ಣನೆಯ ನಡುವೆ, ಹೇಳುವವರಿಗೇ ಸಂಕೋಚವಾಗುವಂತೆ, ತಲೆಹಾಕಿತೆಂದರೆ ಅದನ್ನು ಕೈಬಿಡಬಾರದು, ಅದು ಪುಸ್ತಕದ್ದೇ. ಕೇಂಬ್ರಿಜ್ಜಿನ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್ಲೆಟ್ ೧೯೩೨ರಲ್ಲಿ ಪ್ರಕಟಿಸಿದ ಸ್ಮರಣವಿಷಯಕ ಗ್ರಂಥದಲ್ಲಿ ಇದಕ್ಕೆ ಪ್ರಮಾಣವಿದೆ. ಉತ್ತರ ಅಮೆರಿಕದ ಮೂಲನಿವಾಸಿಗಳ ಕಥೆಯೊಂದನ್ನು ಆತ ಇಂಗ್ಲಿಷರಿಗೆ ಓದಲು ಕೊಟ್ಟು, ಕೆಲಕಾಲ ಬಿಟ್ಟು ಮತ್ತೆ ಹೇಳಿಸಿದಾಗ, ಕಥೆಯಲ್ಲಿದ್ದ ಆ ನಾಡಿನ ವಿಶಿಷ್ಟ ದೋಣಿ ಇಂಗ್ಲಿಷರ ಸಾಮಾನ್ಯ ದೋಣಿಯಾಗಿತ್ತು, ಸೀಲ್ ಬೇಟೆ ಮೀನು ಹಿಡಿಯುವುದಾಗಿತ್ತು, ಅರ್ಥವಾಗದ ಪ್ರೇತಗಳು ಹಲವರ ಹೇಳಿಕೆಯಿಂದ ಸದ್ದಿಲ್ಲದೆ ಜಾರಿಹೋಗಿದ್ದುವು. ಜ್ಞಾಪಕವು ಕಥೆಯನ್ನು ಕಾಪಿಡುವುದಿಲ್ಲ, ಪುನಃ ಪುನಃ ಕಟ್ಟುತ್ತದೆ. ಕಟ್ಟುವಾಗ ಹತ್ತಿರದ ಗುಡ್ಡದ ಕಲ್ಲನ್ನೇ ಬಳಸುತ್ತದೆ.

ಇದೇ ಕೆಲಸವನ್ನು ಬುದ್ಧಿಪೂರ್ವಕವಾಗಿ ಮಾಡಿದ ಮಹಾಕವಿಯೊಬ್ಬರು ಇದೇ ತೀರ್ಥಹಳ್ಳಿಯ ತಾಲೂಕಿನವರೆಂಬುದು ನನಗೆ ಪ್ರಿಯವಾದ ವಿಚಾರ. ರಾಬರ್ಟ್ ಬ್ರೌನಿಂಗ್ ೧೮೪೨ರಲ್ಲಿ, ನಟ ಮೆಕ್ರೆಡಿಯ ಹಾಸಿಗೆ ಹಿಡಿದ ಮಗನ ವಿನೋದಕ್ಕಾಗಿ ಬರೆದ ಕವನದಲ್ಲಿ ಇಲಿಗಳ ಕಾಟಕ್ಕೆ ಸಿಕ್ಕಿದ ಊರು ಜರ್ಮನಿಯ ಹ್ಯಾಮೆಲಿನ್, ಇಲಿಗಳು ಮುಳುಗಿದ ನದಿ ವೇಸರ್. ಕುಪ್ಪಳಿಯ ಪುಟ್ಟಪ್ಪನವರ ಕೈಯಲ್ಲಿ ಆ ಊರು ಬೊಮ್ಮನಹಳ್ಳಿಯಾಗಿ ತುಂಗೆಯ ತೀರಕ್ಕೆ ಬಂದು ನೆಲಸಿತು, ಕೊಳಲಿನವನು ಕಿಂದರಿಜೋಗಿಯಾದನು. ಪರಿಣಾಮವೇನೆಂದರೆ, ತೀರ್ಥಹಳ್ಳಿಯಲ್ಲಿ ಬೆಳೆದ ಮುದುಕರೊಬ್ಬರು ಆ ಕಥೆಯನ್ನು ಪುಸ್ತಕದಲ್ಲಿ ಓದಿದ್ದೆಂದೇ ಒಪ್ಪಲೊಲ್ಲರು. ಹೊಳೆಯಾಚೆಯ ಯಾವುದೋ ಊರಿನಲ್ಲಿ ಹಿಂದೆ ನಡೆದದ್ದೆಂದು ತಮ್ಮ ಸೋದರತ್ತೆ ಹೇಳಿದ್ದರಂತೆ. ಅವರಿಗೆ ಕವನವನ್ನು ತೋರಿಸಿದಾಗ, ಕೊಂಚ ಹೊತ್ತು ಓದಿ, “ಹೌದು, ಅವ್ರೂ ಇದನ್ನು ಕೇಳಿದ್ದಿರ್ಬೇಕು” ಎಂದು ಪುಸ್ತಕವನ್ನು ಮಡಚಿಟ್ಟರು. ಕವಿಗೆ ಇದಕ್ಕಿಂತ ದೊಡ್ಡ ಬಿರುದು ಯಾವುದಿದ್ದೀತು?

ಇಲಿಗಳ ಮಾತು ಬಂದುದರಿಂದ ಇನ್ನೊಂದು ಸೂಕ್ಷ್ಮವನ್ನು ಇಲ್ಲಿಯೇ ಹೇಳಬೇಕು. ಆಗುಂಬೆ ಎಂಬುದು ಕೇವಲ ಘಟ್ಟದ ಅಂಚಲ್ಲ. ೧೯೫೬ರ ನವೆಂಬರ್ ೧ರವರೆಗೆ ಅದು ಎರಡು ರಾಜ್ಯಗಳ ಎಲ್ಲೆ. ಮೇಲೆ ಮೈಸೂರು ಸೀಮೆ, ಕೆಳಗೆ ಸೋಮೇಶ್ವರ, ಹೆಬ್ರಿಗಳಿಂದ ಹಿಡಿದು ಮದರಾಸಿನ ಆಡಳಿತಕ್ಕೆ ಸೇರಿದ ದಕ್ಷಿಣ ಕನ್ನಡ. ಎರಡು ವಿದ್ಯಾ ಇಲಾಖೆಗಳು, ಎರಡು ಬಗೆಯ ವಾಚನ ಪುಸ್ತಕಗಳು. ಘಟ್ಟದ ತಿರುವುಗಳನ್ನು ಇಳಿಯುವಷ್ಟರಲ್ಲಿ ಮಕ್ಕಳ ಬಾಯಿಪಾಠವೇ ಬದಲಾಗುತ್ತಿತ್ತು. ಕೆಳಗಿನವರಿಗೆ ಪಂಜೆ ಮಂಗೇಶರಾಯರು ಮನೆಯ ಹಿರಿಯರಂತೆ ಪರಿಚಿತರು. ಮಂಗಳೂರಿನ ಬಾಲಸಾಹಿತ್ಯಮಂಡಲವನ್ನು ಕಟ್ಟಿದವರೇ ಅವರು. ಅವರು ಕವಿಶಿಷ್ಯ, ಹರಟೆಮಲ್ಲ, ರಾ. ಮ. ಪಂ. ಎಂಬ ಹೆಸರುಗಳ ಮರೆಯಲ್ಲಿ ನಿಂತು ಬರೆಯುತ್ತಿದ್ದುದರಿಂದ, ಓದಿದ ಮಗುವಿಗೆ ಕಥೆ ನೆನಪಿದ್ದರೂ ಕರ್ತೃವಿನ ಹೆಸರು ಹತ್ತಿರ ಸುಳಿಯಲು ಅವಕಾಶವಿರಲಿಲ್ಲ. ಅವರಲ್ಲಿಯೂ ‘ಇಲಿಗಳ ಥಕಥೈ’ ಎಂಬ ಇಲಿಗಳ ಕಥೆಯೊಂದುಂಟು; ‘ಸಿಗಡಿ ಯಾಕೆ ಒಣಗಲಿಲ್ಲ’ ಎಂಬುದು ಇನ್ನೊಂದು. ಆದುದರಿಂದ ಇಲಿಗಳ ಕುಣಿತದ ಕಥೆ ಬೇಕೆಂದು ಬಂದವರನ್ನು ನಾನು ಮೊದಲು ಕೇಳುವ ಪ್ರಶ್ನೆ, “ನೀವು ಓದಿದ್ದು ಘಟ್ಟದ ಮೇಲೋ ಕೆಳಗೋ?” ಎಂಬುದು. ಸಿಗಡಿ ಒಣಗಿಸುವ ಕಥೆಯನ್ನು ಕೇಳಿಕೊಂಡು ಬಂದವರಿಗೆ ಈ ಪ್ರಶ್ನೆಯ ಅವಶ್ಯಕತೆಯೇ ಇಲ್ಲ. ಆಗುಂಬೆಯ ಆಷಾಢದಲ್ಲಿ ಏನನ್ನಾದರೂ ಅಂಗಳದಲ್ಲಿ ಒಣಗಹಾಕುವ ಕಲ್ಪನೆ ಯಾವ ಮಗುವಿಗೂ ತಾನಾಗಿ ಹುಟ್ಟಲಾರದು.

ಹುಡುಕುವವರನ್ನು ಹೆಚ್ಚಾಗಿ ಹಾದಿ ತಪ್ಪಿಸುವಂಥದು, ನಿಜಕ್ಕೂ ಪುಸ್ತಕವೇ ಅಲ್ಲದ ಪುಸ್ತಕ. ‘ಚಂದಮಾಮ’ ಮದರಾಸಿನಲ್ಲಿ ನಾಗಿರೆಡ್ಡಿ, ಚಕ್ರಪಾಣಿಯವರ ಉದ್ಯಮವಾಗಿ ೧೯೪೭ರಲ್ಲಿ ತೆಲುಗು, ತಮಿಳುಗಳಲ್ಲಿ ಹುಟ್ಟಿ, ೧೯೪೯ರ ಜುಲೈಯಲ್ಲಿ ಕನ್ನಡಕ್ಕೆ ಬಂದಿತು. ಮಲೆನಾಡಿನ ಮನೆಗಳಿಗೆ ಅದು ಒಂದು ತಿಂಗಳು ಬಂದು, ಎರಡು ತಿಂಗಳು ತಪ್ಪಿ, ನಾಲ್ಕು ಕೈ ದಾಟಿ ತಲಪುತ್ತಿತ್ತು. ಧಾರಾವಾಹಿಯ ರುಚಿ ಹತ್ತಿದ ಮನೆಯ ದೊಡ್ಡ ಹುಡುಗನು ಆ ಪುಟಗಳನ್ನಷ್ಟೆ ಮೆಲ್ಲಗೆ ಕಿತ್ತು, ವರುಷ ಮುಗಿದ ಮೇಲೆ ಕಟ್ಟು ಹಾಕುತ್ತಿದ್ದನು. ಅಂಥ ಕಟ್ಟೊಂದು ನನ್ನ ಬಳಿ ಇದೆ. ಗೋಣಿಸೂಜಿಯಲ್ಲಿ ಮೂರು ತೂತು. ಅಡಕೆ ಚೀಲಕ್ಕೆ ಬಳಸುವ ದಾರ. ಬೆನ್ನಿಗೆ ಮೈದಾಹಿಟ್ಟಿನ ಅಂಟು, ಅದನ್ನು ಜಿರಲೆ ಅರ್ಧ ತಿಂದಿದೆ. ರಟ್ಟಿಗೆ ಬದಲಾಗಿ ಯಾವುದೋ ಕ್ಯಾಲೆಂಡರಿನ ಲಕ್ಷ್ಮಿಯನ್ನು ಒಳಮುಖ ಮಾಡಿ ಹಚ್ಚಿದ ದಪ್ಪ ಕಾಗದ. ಎರಡು ಕಂತುಗಳ ನಡುವೆ ಒಂದು ಕಂತು ಇಲ್ಲ. ಆ ಜಾಗದಲ್ಲಿ ಪೆನ್ಸಿಲಿನಿಂದ “ರಾಕ್ಷಸ ಓಡಿಹೋದನು” ಎಂದು ಬರೆದು, ಕಥೆಯ ಸೇತುವೆಯನ್ನು ಸ್ವಂತ ಜವಾಬ್ದಾರಿಯ ಮೇಲೆ ಕಟ್ಟಿದ್ದಾನೆ. ಇಂಥ ಗ್ರಂಥಕ್ಕೆ ಹೆಸರಿರಲಿಲ್ಲ, ಪ್ರಕಾಶಕನಿರಲಿಲ್ಲ, ಇದ್ದದ್ದು ಒಂದೇ ಪ್ರತಿ. ಆದರೂ ಅದನ್ನು ಓದಿದ ತಂಗಿಯಂದಿರು ಅರುವತ್ತು ವರುಷಗಳ ಅನಂತರ “ದಪ್ಪ ಪುಸ್ತಕ, ಮಾಂತ್ರಿಕನದ್ದು” ಎಂದು ಅಂಗಡಿಗಳಲ್ಲಿ ಕೇಳುತ್ತಾರೆ. ಅಂಗಡಿಯವನು ಏನು ಮಾಡಿಯಾನು?

ಆ ಮಾಂತ್ರಿಕರ ಕರ್ತೃವಿನ ಕಥೆ ಅದಕ್ಕಿಂತ ವಿಚಿತ್ರ. ಆ ಜನಪ್ರಿಯ ಧಾರಾವಾಹಿಗಳಲ್ಲಿ ಬಹುಪಾಲನ್ನು, ‘ತೋಕಚುಕ್ಕ’, ‘ಮಕರದೇವತ’, ‘ಕಂಚುಕೋಟ’, ‘ಪಾತಾಳದುರ್ಗಂ’ ಮೊದಲಾದವನ್ನು, ತೆಲುಗಿನಲ್ಲಿ ಬರೆದವರು ದಾಸರಿ ಸುಬ್ರಹ್ಮಣ್ಯಂ. ೧೯೫೨ರಲ್ಲಿ ಸಂಪಾದಕವರ್ಗವನ್ನು ಸೇರಿದ ಅವರು ಅರ್ಧ ಶತಮಾನ ಅಲ್ಲಿಯೇ ದುಡಿದರು. ಪತ್ರಿಕೆಯ ರೂಢಿಗನುಸಾರವಾಗಿ ಕಥೆಯ ಕೆಳಗೆ ಅವರ ಹೆಸರು ಅಚ್ಚಾಗುತ್ತಿರಲಿಲ್ಲ. ಕನ್ನಡದ ಮಕ್ಕಳಂತಿರಲಿ, ತೆಲುಗಿನ ಮಕ್ಕಳಿಗೂ ತಾವು ಯಾರನ್ನು ಓದುತ್ತಿದ್ದೇವೆಂಬುದು ತಿಳಿಯದು. ಆ ಮಕ್ಕಳು ಬೆಳೆದು, ತಲೆ ನರೆತ ಮೇಲೆ, ಹಳೆಯ ಸಂಚಿಕೆಗಳನ್ನು ಕೂಡಿಹಾಕಿ, ಬರೆದವರಾರೆಂದು ವಿಚಾರಿಸಿ, ಅವರನ್ನು ಬೆಳಕಿಗೆ ತಂದರು. ೨೦೧೦ರಲ್ಲಿ ಅವರು ತೀರಿಕೊಂಡರು. ಹೆಸರು ಮರೆತ ಓದುಗನ ಕಡೆಯಿಂದ ನೋಡಿದರೆ ಇದೊಂದು ಸಮಾಧಾನವೂ ಹೌದು: ಮರೆತದ್ದರಲ್ಲಿ ನಮ್ಮ ಪಾಲೆಷ್ಟು, ಹೇಳದೆ ಬಿಟ್ಟವರ ಪಾಲೆಷ್ಟು ಎಂದು ಲೆಕ್ಕ ಹಾಕಬಹುದು. ಚಂದಮಾಮದ ವಿಷಯದಲ್ಲಿ ಹುಡುಕುವವರಿಗೆ ಆಧಾರವಾಗುವುದು ಬರಹಕ್ಕಿಂತ ಚಿತ್ರ. ಹೆಗಲ ಮೇಲೆ ಶವ, ಕೈಯಲ್ಲಿ ಕತ್ತಿ ಹಿಡಿದು ನಡೆವ ತ್ರಿವಿಕ್ರಮನನ್ನು ಬರೆದ ಶಂಕರರ ರೇಖೆಯನ್ನೂ, ಮುಖಪುಟಕ್ಕೆ ಮಹಾಭಾರತದ ವರ್ಣಚಿತ್ರಗಳನ್ನು ಬರೆದ ನಮ್ಮವರೇ ಆದ ಎಂ. ಟಿ. ವಿ. ಆಚಾರ್ಯರ ಕುಂಚವನ್ನೂ ಒಮ್ಮೆ ಕಂಡವರು ಮರೆಯರು.

ರಾಷ್ಟ್ರೋತ್ಥಾನ ಪರಿಷತ್ತಿನ ‘ಭಾರತ ಭಾರತಿ’ ಮಾಲೆಯ ಹೊತ್ತಗೆಗಳ ಶೋಧ ಬೇರೆ ಬಗೆಯ ಪೇಚು. ಎಲ್. ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ಬಂದ ಅಂಗೈಯಗಲದ ೫೧೦ ಪುಸ್ತಕಗಳು ಒಂದನ್ನೊಂದು ಎಷ್ಟು ಹೋಲುತ್ತಿದ್ದುವೆಂದರೆ, “ಸಣ್ಣ ಪುಸ್ತಕ, ಒಬ್ಬ ಮಹಾಪುರುಷನದು” ಎಂಬಷ್ಟರಿಂದ ಮುಂದೆ ಯಾವ ಹೆಜ್ಜೆಯೂ ಇಡುವಂತಿಲ್ಲ. ಮಾಸ್ಕೋದ ರಾದುಗ, ಪ್ರಗತಿ ಪ್ರಕಾಶನಗಳ ಪುಸ್ತಕಗಳಾದರೋ ಸುಲಭ. ಆ ನುಣುಪಾದ ದಪ್ಪ ಕಾಗದ, ಅಗ್ಗದ ಬೆಲೆ, ತುಪ್ಪಳದ ಟೋಪಿ ಹಾಕಿದ ಮಕ್ಕಳು ಎಂದೊಡನೆ ಊರು ಗೊತ್ತಾಗುತ್ತದೆ. ಗೊತ್ತಾಗಿ ಪ್ರಯೋಜನವಿಲ್ಲ, ೧೯೯೧ರಲ್ಲಿ ಆ ದೇಶವೇ ಇಲ್ಲವಾಗಿ, ಪುಸ್ತಕಗಳ ಬರವು ನಿಂತುಹೋಯಿತು.

ಈಗ ಒಂದು ಯಶಸ್ಸಿನ ಸಂಗತಿ. ಸ್ವತಃ ಈಗ ಶಾಲೆಯಲ್ಲಿ ಪಾಠ ಹೇಳುವ ಒಬ್ಬ ಮಹಿಳೆ, ಆಗುಂಬೆಯ ಸಮೀಪದ ಊರಿನವರು, ತಾವು ಹುಡುಗಿಯಾಗಿದ್ದಾಗ ಓದಿದ ಪುಸ್ತಕವನ್ನು ಹೀಗೆ ವರ್ಣಿಸಿದರು: ಒಬ್ಬಳು ಚೇಷ್ಟೆಯ ಹುಡುಗಿ, ಅವಳನ್ನು ಒಂದು ಶಾಲೆಯಿಂದ ಬಿಡಿಸುತ್ತಾರೆ, ಇನ್ನೊಂದು ಶಾಲೆಗೆ ಸೇರುತ್ತಾಳೆ, ಅಲ್ಲಿಯ ಹೆಡ್‌ಮಾಸ್ತರರು ಬಹಳ ಒಳ್ಳೆಯವರು, ಊಟದ ಡಬ್ಬಿಯಲ್ಲಿ ಕಡಲಿನದೊಂದು, ಗುಡ್ಡದ್ದೊಂದು ತಿನಿಸು ಇರಲೇಬೇಕು. ಶಾಲೆಯಿದ್ದದ್ದು ಕುಂದಾಪುರದ ಕಡೆ ಎಲ್ಲಿಯೋ ಎಂದು ಅವರು ಸೇರಿಸಿದರು. ಅದು ಸಹಜವೇ. ಆಗುಂಬೆಯ ಸೂರ್ಯಾಸ್ತದ ಕಟ್ಟೆಯಲ್ಲಿ ನಿಂತು ನಿರ್ಮಲವಾದ ಸಂಜೆ ಪಡುಗಡಲಿನ ಗೆರೆಯನ್ನು ಕಾಣುತ್ತ ಬೆಳೆದ ಮಗುವಿಗೆ, ಕಡಲನ್ನೂ ಗುಡ್ಡವನ್ನೂ ಒಂದೇ ಡಬ್ಬಿಯಲ್ಲಿ ಇಡುವ ಊರು ಘಟ್ಟದ ಕೆಳಗಲ್ಲದೆ ಇನ್ನೆಲ್ಲಿದ್ದೀತು? ಆಮೇಲೆ, ಏನೋ ತಪ್ಪು ಹೇಳುವವರಂತೆ ದನಿ ಇಳಿಸಿ, “ಶಾಲೆ ರೈಲಿನ ಡಬ್ಬಿಯೊಳಗೆ ಇತ್ತು ಅಂತ ನೆನಪು, ಅದು ನನ್ನ ಕಲ್ಪನೆಯೋ ಏನೋ” ಎಂದರು. ಕಲ್ಪನೆಯಾಗಿರಲು ಸಾಧ್ಯವಿರಲಿಲ್ಲ. ತೀರ್ಥಹಳ್ಳಿ ತಾಲೂಕಿನಲ್ಲಿ ರೈಲುಮಾರ್ಗವೇ ಇಲ್ಲ. ರೈಲನ್ನು ಕಣ್ಣಾರೆ ಕಾಣದಿದ್ದ ಹುಡುಗಿ ರೈಲುಡಬ್ಬಿಯ ಶಾಲೆಯನ್ನು ತಾನೇ ಕಟ್ಟಿರಲಾರಳು. ಆ ಡಬ್ಬಿಯನ್ನು ಹಿಡಿದುಕೊಂಡ ಮೇಲೆ ಮಿಕ್ಕದ್ದು ಕ್ಷಣದ ಕೆಲಸ. ತೆತ್ಸುಕೊ ಕುರೋಯಾನಾಗಿ ಎಂಬಾಕೆ ಜಪಾನಿನಲ್ಲಿ ೧೯೮೧ರಲ್ಲಿ ಪ್ರಕಟಿಸಿದ ತನ್ನ ಬಾಲ್ಯದ ಕಥೆ ‘ತೊತ್ತೊ-ಚಾನ್’ ನ್ಯಾಷನಲ್ ಬುಕ್ ಟ್ರಸ್ಟಿನ ಮೂಲಕ ಕನ್ನಡಕ್ಕೂ ಬಂದಿದೆ. ತೊಮೊಯೆ ಎಂಬ ಆ ಶಾಲೆ ನಿಜವಾಗಿಯೂ ಹಳೆಯ ರೈಲುಡಬ್ಬಿಗಳಲ್ಲಿ ನಡೆಯುತ್ತಿತ್ತು, ಯುದ್ಧದ ಬಾಂಬಿಗೆ ಸಿಕ್ಕಿ ೧೯೪೫ರಲ್ಲಿ ಸುಟ್ಟುಹೋಯಿತು. ಆ ಮಹಿಳೆಗೆ ಪುಸ್ತಕ ದೊರೆತ ಸಂತೋಷಕ್ಕಿಂತ, ಶಾಲೆ ಸುಟ್ಟದ್ದನ್ನು ತಾವು ಪೂರ್ತಿಯಾಗಿ ಮರೆತಿದ್ದೆವೆಂಬ ಆಶ್ಚರ್ಯವೇ ಹೆಚ್ಚಾಯಿತು. ನನ್ನ ಊಹೆ ಬೇರೆ: ಅವರು ಓದಿದ ಪ್ರತಿಯಲ್ಲಿ ಕಡೆಯ ಹಾಳೆಗಳು ಇರಲಿಲ್ಲ.

ನನ್ನ ಸಿದ್ಧಾಂತಕ್ಕೆ ಆಗುಂಬೆಯೇ ಒಡ್ಡುವ ಒಂದು ಅಪವಾದವುಂಟು. ಹೆಂಚಿನ ಸೂರು, ಮರದ ಕಂಬಗಳ ಜಗಲಿ, ಮಳೆ, ಶಾಲೆಗೆ ಹೋಗಲೊಲ್ಲದ ಹುಡುಗ, ಕ್ರಿಕೆಟ್ಟಿನ ತಂಡ, ಇಷ್ಟನ್ನು ಹೇಳಿ ಪುಸ್ತಕ ಯಾವುದೆಂದು ಕೇಳಿದವರಿಗೆ, ಜಗಲಿ ನಿಮ್ಮದು, ಹುಡುಗ ಮಾತ್ರ ಪುಸ್ತಕದವನು ಎನ್ನಲು ಹೊರಟರೆ ಮಾತು ಸೋಲುತ್ತದೆ. ಆರ್. ಕೆ. ನಾರಾಯಣರು ೧೯೩೫ರಲ್ಲಿ ಪ್ರಕಟಿಸಿದ ಕಾದಂಬರಿಯ ಸ್ವಾಮಿಯನ್ನು ಶಂಕರ್ ನಾಗ್ ಆಗುಂಬೆಯ ಬೀದಿಗಳಿಗೇ ಕರೆತಂದು, ಇಲ್ಲಿಯ ದೊಡ್ಡಮನೆಯ ಜಗಲಿಯ ಮೇಲೆಯೇ ಓಡಾಡಿಸಿ, ‘ಮಾಲ್ಗುಡಿ ಡೇಸ್’ ಚಿತ್ರಮಾಲಿಕೆಯನ್ನು ತೆಗೆದರು. ೧೯೮೬ರ ಸುಮಾರಿಗೆ ಅದು ದೂರದರ್ಶನದಲ್ಲಿ ಬಂದಿತು. ಕೇಳಿದವರು ಪುಸ್ತಕವನ್ನು ಓದಿಯೇ ಇರಲಿಲ್ಲವೆಂದು ನನ್ನ ನಂಬುಗೆ. ಕಂಡದ್ದನ್ನು ಓದಿದ್ದಾಗಿ ನೆನಪಿಟ್ಟುಕೊಂಡಿದ್ದರು. ಕಥೆಗಳ ವಿಷಯದಲ್ಲಿ ಕಣ್ಣು, ಕಿವಿ, ಪುಟ ಎಂಬ ಭೇದವನ್ನು ಮನಸ್ಸು ಬಹಳ ದಿನ ಕಾಯುವುದಿಲ್ಲ. ಎ. ಕೆ. ರಾಮಾನುಜನ್ ಕನ್ನಡದ ಮನೆಗಳಿಂದ ಸಂಗ್ರಹಿಸಿದ, ಹೂವಿನ ಗಿಡವಾಗಬಲ್ಲ ಹುಡುಗಿಯ ಕಥೆಯನ್ನು ‘ಚಿಕ್ಕಂದಿನಲ್ಲಿ ಓದಿದ ಪುಸ್ತಕ’ವೆಂದು ಅರಸುವವರು ಹಲವರು. ಅವರು ಓದಿದ್ದಿರಬಹುದು, ಅಜ್ಜಿಯ ಬಾಯಲ್ಲಿ ಕೇಳಿದ್ದಿರಬಹುದು, ೧೯೯೨ರಲ್ಲಿ ಗಿರೀಶ ಕಾರ್ನಾಡರು ಅದೇ ಕಥೆಯಿಂದ ತೆಗೆದ ‘ಚೆಲುವಿ’ ಚಿತ್ರವನ್ನು ಕಂಡದ್ದಿರಬಹುದು. ವಿಚಿತ್ರವೆಂದರೆ, ಬಾಯಿಮಾತಿನ ಕಥೆಗಳಿಗೆ ವಿದ್ವಾಂಸರು ಒಳ್ಳೆಯ ಸೂಚಿಯನ್ನು ಮಾಡಿಟ್ಟಿದ್ದಾರೆ. ಫಿನ್ಲೆಂಡಿನ ಆಂಟಿ ಆರ್ನೆ ೧೯೧೦ರಲ್ಲಿ ಆರಂಭಿಸಿ, ಅಮೆರಿಕದ ಸ್ಟಿತ್ ಥಾಂಪ್ಸನ್ ಬೆಳೆಸಿದ ಆ ವರ್ಗೀಕರಣದಲ್ಲಿ ಕಥೆಯ ಹೆಸರು ಬೇಕಿಲ್ಲ, ಕಥೆಯಲ್ಲಿ ನಡೆದದ್ದೇನೆಂದು ಹೇಳಿದರೆ ಸಾಕು. ಅಕ್ಷರ ಬಾರದ ಅಜ್ಜಿಯ ಕಥೆಗೆ ದೊರೆತ ಸೌಕರ್ಯ ಅಚ್ಚಾದ ಮಕ್ಕಳ ಪುಸ್ತಕಕ್ಕೆ ದೊರೆಯಲಿಲ್ಲ.

ದೊರೆಯಲಾರದೆಂದೇನೂ ಇಲ್ಲ. ೨೦೨೦ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಿಗೆ ಮಕ್ಕಳು ಬರತೊಡಗಿದ್ದಾರೆ. ಆ ಗ್ರಂಥಾಲಯಗಳ ದಾಖಲೆಯ ಪುಸ್ತಕದಲ್ಲಿ ಹೆಸರು, ಬೆಲೆಗಳ ಪಕ್ಕದಲ್ಲಿ ಇನ್ನೊಂದು ಅಂಕಣವನ್ನೆಳೆದು, ಕಥೆಯ ಸಾರವನ್ನು ಓದಿದ ಮಗುವಿನ ಕೈಯಲ್ಲಿಯೇ ಎರಡು ಸಾಲು ಬರೆಯಿಸಿದರೆ, ನಲವತ್ತು ವರುಷಗಳ ಅನಂತರ ಬರುವ ಪ್ರಶ್ನೆಗಳಿಗೆ ಈಗಲೇ ಉತ್ತರವನ್ನು ಬರೆದಿಟ್ಟಂತಾಗುವುದು. ಖರ್ಚು ಒಂದು ಪೆನ್ಸಿಲಿನದು.

ಬಗೆಹರಿಯದೆ ಉಳಿದ ಪ್ರಶ್ನೆಯೊಂದನ್ನು ಓದುಗರ ಮುಂದಿಡುವ ಸ್ವಾತಂತ್ರ್ಯವನ್ನು ತೆಗೆದುಕೊಳ್ಳುತ್ತೇನೆ. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಶರಾವತಿಯ ಕಣಿವೆಯ ಊರುಗಳು ನೀರಿನಡಿ ಸೇರುವುದಕ್ಕೆ ಕೆಲವು ವರುಷ ಮೊದಲು, ಹೊಸನಗರ ತಾಲೂಕಿನ ಅಂಥದೊಂದು ಊರಿನಲ್ಲಿ ಹುಡುಗರಾಗಿದ್ದ ಹಿರಿಯರೊಬ್ಬರು ಓದಿದ ಪುಸ್ತಕವಿದು. ಕುಂಬಾರನ ಮಗಳೊಬ್ಬಳು, ಮಳೆ ಬಿಡದೆ ಮಡಕೆ ಒಣಗದಿರಲಾಗಿ, ಸೂರ್ಯನನ್ನು ಕರೆತರಲು ಬೆಟ್ಟವನ್ನೇರುತ್ತಾಳೆ. ದಾರಿಯಲ್ಲಿ ಕುಂಟುವ ಹಕ್ಕಿಯೊಂದು ಜೊತೆಯಾಗುತ್ತದೆ. ಬೆಟ್ಟದ ಮೇಲೆ ಒಂದು ದೊಡ್ಡ ಗಡಿಯಾರವಿದೆ, ಅದು ನಿಂತಿದೆ. ಪುಸ್ತಕ ಉದ್ದಕ್ಕಿಂತ ಅಗಲವಾಗಿತ್ತು, ಚಿತ್ರಗಳೆಲ್ಲ ನೀಲಿ ಮಸಿಯಲ್ಲಿದ್ದುವು. ಮಳೆಯನ್ನೂ ಬೆಟ್ಟವನ್ನೂ ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವು ಶರಾವತಿಯ ಕಣಿವೆಯವು. ಹಕ್ಕಿಯ ಮೇಲೆ ಸಂಶಯವಿದೆ. ಗಡಿಯಾರ, ನೀಲಿ ಮಸಿ, ಅಡ್ಡಗಲದ ಪುಟ, ಈ ಮೂರೂ ಪುಸ್ತಕದವೇ ಇರಬೇಕು. ಕಂಡವರಿದ್ದರೆ ಪುರವಣಿಯ ವಿಳಾಸಕ್ಕೆ ಒಂದು ಕಾರ್ಡು ಬರೆಯಬೇಕು; ರಟ್ಟು ಇಲ್ಲದ ಪ್ರತಿಯಾದರೂ ಚಿಂತೆಯಿಲ್ಲ.